ಸ್ಟಿಕ್ಕರ್ ಜೆರಾಕ್ಸ್ ಆಗುತ್ತೆ, ಫ್ರೇಮ್ ಆಗಲ್ಲ

ನಮ್ಮ ಹಾಸ್ಟೆಲಿನಲ್ಲಿ ಹದಿನೈದು ದಿನದಿಂದ ಒಂದೇ ಜಗಳ. ನಮ್ಮ ಗ್ಯಾಂಗಿನ ಒಬ್ಬ ಗೆಳೆಯ 38 ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಕಾರ್ಬನ್ ಸೈಕಲ್ ತಗೊಂಡಿದ್ದ. ಫ್ರೇಮಿನ ಮೇಲೆ ದೊಡ್ಡ ವಿದೇಶಿ ಕಂಪನಿಯ ಹೆಸರು. ಈಗ ಗೊತ್ತಾಗಿದೆ, ಅದು ಡೂಪ್ಲಿಕೇಟ್. ಮಾರಿದವನು ಫೋನ್ ಎತ್ತುತ್ತಿಲ್ಲ. ಹಾಗಾಗಿ ನಮ್ಮ ಮುಂದೆ ಎರಡು ಪ್ರಶ್ನೆ. ಒಂದು, ಅದನ್ನು ಓಡಿಸಬಹುದಾ? ಎರಡು, ಬೇಡ ಅಂದ್ರೆ ಅದೇ ರೇಟಿಗೆ ಇನ್ನೊಬ್ಬರಿಗೆ ದಾಟಿಸಿಬಿಡಬಹುದಾ?

ಎರಡಕ್ಕೂ ನಮ್ಮ ಉತ್ತರ 'ಬೇಡ'. ಯಾಕೆ ಅಂತ ಹೇಳೋಕೆ ಈ ಲೇಖನ. ನಮ್ಮಲ್ಲಿ ಹೆಚ್ಚಿನವರು ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಭಾಷೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ವಾದದಲ್ಲಿ ತಪ್ಪಿದ್ದರೆ ಮಾತ್ರ ಬಿಡಬೇಡಿ.

ಕಥೆ ಶುರುವಾಗಿದ್ದು ಹೂಗ್ಯಂನಲ್ಲಿ. ಹನೂರು ತಾಲ್ಲೂಕಿನ ಹೂಗ್ಯಂ ನಮ್ಮ ಇನ್ನೊಬ್ಬ ಗೆಳೆಯನ ಊರು. ಮಲೆ ಮಹದೇಶ್ವರ ವನ್ಯಜೀವಿಧಾಮಕ್ಕೆ ಅಂಟಿಕೊಂಡ ಊರು. ದಸರಾ ರಜೆಯಲ್ಲಿ ಕೊಳ್ಳೇಗಾಲದ ತನಕ ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಹೋಗಿ, ಅಲ್ಲಿಂದ ಪೆಡಲ್ ತುಳಿದೆವು. ಮಾರನೇ ದಿನ ಮಾದಪ್ಪನ ಬೆಟ್ಟ. ತಾಳಬೆಟ್ಟದಿಂದ ಮೇಲಕ್ಕೆ 27 ಹೇರ್‌ಪಿನ್ ತಿರುವು. ಹತ್ತುವಾಗ ಎಲ್ಲರ ಉಸಿರೂ ಕಿತ್ತುಬಂತು, ಯಾರಿಗೂ ಭಯ ಆಗಲಿಲ್ಲ. ಇಳಿಯುವಾಗ ಆ ಕಾರ್ಬನ್ ಸೈಕಲ್ಲಿನ ಹ್ಯಾಂಡಲ್ ಹತ್ತಿರ 'ಟಕ್, ಟಕ್' ಅಂತ ಸದ್ದು ಶುರುವಾಯಿತು. ಬೋಲ್ಟ್ ಬಿಗಿ ಮಾಡಿದೆವು, ನಿಲ್ಲಲಿಲ್ಲ. ಗೆಳೆಯ ಉಳಿದ ತಿರುವುಗಳನ್ನು ಸೈಕಲ್ ತಳ್ಳಿಕೊಂಡೇ ಇಳಿದ. ನಾವು ನಕ್ಕಿದ್ದೆವು. ಈಗ ನಗು ಬರ್ತಿಲ್ಲ.

ಸಂಜೆ ಮನೆಯಲ್ಲಿ ಗೆಳೆಯನ ಅಪ್ಪ ಸೈಕಲನ್ನು ಒಂದು ಕೈಯಲ್ಲಿ ಎತ್ತಿ ನೋಡಿದರು. "ನೋಡಕ ಚೆಂದಾಗದ ಕನ ಮಗ. ಒಳ್ಗ ಯಾನದ?" ಅಂದರು. ನಾವು ನಾಲ್ಕು ಜನ ಭಾವಿ ಎಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉತ್ತರ ಇರಲಿಲ್ಲ. ವಾಪಸ್ ಬಂದ ಮೇಲೆ ಫ್ರೇಮಿನ ಸೀರಿಯಲ್ ನಂಬರನ್ನು ಆ ಕಂಪನಿಯ ಡೀಲರಿಗೆ ಕಳಿಸಿದೆವು. ಆ ನಂಬರಿನ ಫ್ರೇಮ್ ಕಂಪನಿ ಮಾಡೇ ಇಲ್ಲ ಅಂತ ಉತ್ತರ ಬಂತು.

ಈಗ ವಾದಕ್ಕೆ ಬರೋಣ. ಡೂಪ್ಲಿಕೇಟ್ ಪರವಾಗಿ ಹಾಸ್ಟೆಲಿನಲ್ಲಿ ಕೇಳಿಬಂದ ಮಾತು ಮುಖ್ಯವಾಗಿ ಮೂರು.

ಮೊದಲನೆಯದು, "ಎಲ್ಲಾ ಒಂದೇ ಫ್ಯಾಕ್ಟರಿ ಮಗಾ. ಹಗಲು ಒರಿಜಿನಲ್, ರಾತ್ರಿ ಡೂಪ್ಲಿಕೇಟ್." ಇದರಲ್ಲಿ ಅರ್ಧ ನಿಜ ಇದೆ. ಜಗತ್ತಿನ ಹೆಸರಾಂತ ಕಂಪನಿಗಳ ಕಾರ್ಬನ್ ಫ್ರೇಮುಗಳಲ್ಲಿ ಹೆಚ್ಚಿನವು ತಯಾರಾಗೋದು ತೈವಾನ್ ಮತ್ತು ಚೀನಾದಲ್ಲೇ. ಆದರೆ ಒಂದೇ ದೇಶ ಅಂದ್ರೆ ಒಂದೇ ಫ್ಯಾಕ್ಟರಿ ಅಂತ ಅಲ್ಲ. ಒಂದು ವೇಳೆ ಅದೇ ಫ್ಯಾಕ್ಟರಿಯ ಹಿಂಬಾಗಿಲಿನಿಂದಲೇ ಬಂದಿದೆ ಅಂತಿಟ್ಟುಕೊಳ್ಳಿ. ಮುಂಬಾಗಿಲಿನಿಂದ ಯಾಕೆ ಹೋಗಲಿಲ್ಲ? ಟೆಸ್ಟಿನಲ್ಲಿ ಫೇಲ್ ಆದ ಪೀಸ್ ಕೂಡ ಹಿಂಬಾಗಿಲಿನಿಂದಲೇ ಹೋಗೋದು.

ಎರಡನೆಯದು, "ಒರಿಜಿನಲ್ ಫ್ರೇಮಿಗೆ ಲಕ್ಷಗಟ್ಟಲೆ. ಮಿಡಲ್ ಕ್ಲಾಸ್ ಹುಡುಗರು ಏನು ಮಾಡಬೇಕು?" ಈ ಮಾತನ್ನು ನಾವು ತಳ್ಳಿಹಾಕಲ್ಲ. ಆಮದು ಸುಂಕ, ಡೀಲರ್ ಮಾರ್ಜಿನ್, ಬ್ರ್ಯಾಂಡಿನ ಜಂಬ ಎಲ್ಲ ಸೇರಿದ ರೇಟ್ ಅದು. ಕಂಪನಿಗೆ ನಷ್ಟ ಆಯ್ತು ಅಂತ ನಮಗೇನೂ ಅಳು ಬರಲ್ಲ. ನಮ್ಮ ಚಿಂತೆ ಕಂಪನಿಯದ್ದಲ್ಲ, ಆ ತಿರುವಿನಲ್ಲಿ ಇಳಿಯುತ್ತಿದ್ದ ಗೆಳೆಯನದ್ದು.

ಮೂರನೆಯದು ನಮ್ಮ ಬಾಯಿ ಮುಚ್ಚಿಸಿದ ಮಾತು. "ನಿಮ್ಮ ಲ್ಯಾಪ್‌ಟಾಪಿನಲ್ಲಿರೋ ಸಾಫ್ಟ್‌ವೇರ್ ಕ್ರ್ಯಾಕ್. ಟೆಕ್ಸ್ಟ್‌ಬುಕ್ ಜೆರಾಕ್ಸ್. ಸೈಕಲ್ಲಿಗೆ ಮಾತ್ರ ಯಾಕೆ ಸತ್ಯಹರಿಶ್ಚಂದ್ರ?" ನಿಜ. ನಾವೇನೂ ಸಾಚಾ ಅಲ್ಲ. ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ. ಪುಸ್ತಕ ಜೆರಾಕ್ಸ್ ಮಾಡಿದರೆ ಒಳಗಿನ ಅಕ್ಷರ ಪೂರ್ತಿ ಬರುತ್ತೆ. ಫ್ರೇಮನ್ನು ಕಾಪಿ ಮಾಡುವವನು ಕಾಪಿ ಮಾಡೋದು ರಟ್ಟನ್ನು ಮಾತ್ರ. ಒಳಗಿನ ಪುಟಗಳು ಅವನಿಗೆ ಕಾಣೋದೇ ಇಲ್ಲ.

ಸ್ವಲ್ಪ ಬಿಡಿಸಿ ಹೇಳ್ತೀವಿ. ಕಾರ್ಬನ್ ಫ್ರೇಮ್ ಅಂದ್ರೆ ಎರಕ ಹೊಯ್ದ ಲೋಹ ಅಲ್ಲ. ರೆಸಿನ್ ಮೆತ್ತಿದ ಕಾರ್ಬನ್ ನಾರಿನ ತೆಳು ಹಾಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಚ್ಚಿನಲ್ಲಿ ಜೋಡಿಸಿ, ಒಳಗಿನಿಂದ ಬಲೂನಿನಂಥ ಚೀಲ ಉಬ್ಬಿಸಿ ಒತ್ತಡ ಕೊಟ್ಟು, ಬಿಸಿಯಲ್ಲಿ ಬೇಯಿಸ್ತಾರೆ. ಯಾವ ಹಾಳೆ ನೇರಕ್ಕೆ, ಯಾವುದು 45 ಡಿಗ್ರಿಗೆ, ಹೆಡ್‌ಟ್ಯೂಬ್ ಹತ್ತಿರ ಎಷ್ಟು ಪದರ ಅನ್ನೋದರಲ್ಲೇ ಫ್ರೇಮಿನ ಬಲ ಇರೋದು. ನಾರಿನ ಉದ್ದಕ್ಕೆ ಎಳೆದರೆ ಭಾರೀ ಗಟ್ಟಿ, ಅಡ್ಡಕ್ಕೆ ಎಳೆದರೆ ಅಷ್ಟು ಇಲ್ಲ. ಪದರಗಳ ಮಧ್ಯೆ ಗಾಳಿಗುಳ್ಳೆ ಉಳಿದರೆ, ಹಾಳೆ ಸುಕ್ಕಾದರೆ, ಬಿರುಕು ಅಲ್ಲಿಂದಲೇ ಶುರುವಾಗಬಹುದು. ಮೇಲೆ ಪೇಂಟ್ ಹೊಡೆದ ಮೇಲೆ ಕಣ್ಣಿಗೆ ಏನೂ ಕಾಣಲ್ಲ.

ನಾವೆಲ್ಲ ಸ್ಟ್ರೆಸ್-ಸ್ಟ್ರೇನ್ ಕರ್ವ್ ಬಿಡಿಸಿ ಮಾರ್ಕ್ಸ್ ತಗೊಂಡವರೇ. ಸ್ಟೀಲ್ ಮುರಿಯೋ ಮುಂಚೆ ಯೀಲ್ಡ್ ಆಗುತ್ತೆ, ಬಗ್ಗುತ್ತೆ. ಕಾರ್ಬನ್ ಕಾಂಪೊಸಿಟ್ ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಹೋಗಿ ಒಮ್ಮೆಲೇ ಮುರಿಯುತ್ತೆ. ಹೂಗ್ಯಂ ಗೆಳೆಯ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲೇ ಸ್ಕೂಲಿಗೆ ಹೋದವನು. 2006-07ರಲ್ಲಿ ಶುರುವಾದ ಯೋಜನೆ ಅದು. ಆ ಸೈಕಲ್ ಈಗ ಅವರಪ್ಪನ ಹತ್ತಿರ ಇದೆ, ಹುಲ್ಲಿನ ಹೊರೆ ಹೊರುತ್ತೆ. ಫ್ರೇಮಿಗೆ ಎರಡು ಸಲ ವೆಲ್ಡಿಂಗ್ ಆಗಿದೆ. ಅದು ಮುರಿಯೋ ಮುಂಚೆ ಸೊಟ್ಟಗಾಗಿ ಹೇಳಿತ್ತು. ಬೆಟ್ಟ ಇಳಿಯುವಾಗ ನಮ್ಮ ಕಾರ್ಬನ್ ಫ್ರೇಮ್ ಹೇಳಿದ್ದು ಬರೀ 'ಟಕ್' ಅಂತ.

ಹಾಗಂತ ಕಾರ್ಬನ್ ಕೆಟ್ಟದ್ದು ಅಂತ ಅಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಶೇ. 45ರಷ್ಟು ಕಾಂಪೊಸಿಟ್. ಅದರ ಬಾಲದ ಫಿನ್, ರಡ್ಡರ್ ತಯಾರಿಸಿದ್ದು ನಮ್ಮ ಬೆಂಗಳೂರಿನದೇ ಎನ್‌ಎಎಲ್. ವಿಮಾನದ ಇಂಥ ಭಾಗಗಳನ್ನು ಆಟೋಕ್ಲೇವಿನಲ್ಲಿ ಒತ್ತಡ ಕೊಟ್ಟು ಬೇಯಿಸಿ, ಅಲ್ಟ್ರಾಸೌಂಡಿನಲ್ಲಿ ಒಳಗೆ ಗುಳ್ಳೆ ಇದೆಯಾ ಅಂತ ನೋಡ್ತಾರೆ. ಗೆಳೆಯನ ಅಪ್ಪ ಕೇಳಿದ್ದೂ ಇದೇ ಪ್ರಶ್ನೆ. ಒಳ್ಗ ಯಾನದ?

ಸೈಕಲ್ಲಿಗೂ ಟೆಸ್ಟ್ ಇದೆ. ಐಎಸ್ಒ 4210 ಪ್ರಕಾರ ಪೆಡಲ್ ತುಳಿದ ಹಾಗೆ ಫ್ರೇಮಿನ ಮೇಲೆ 1 ಲಕ್ಷ ಸಲ ಭಾರ ಹಾಕಬೇಕು, 22.5 ಕೆಜಿ ತೂಕ ಮೇಲಿಂದ ಬೀಳಿಸಿ ನೋಡಬೇಕು. ನಮ್ಮ ಫ್ರೇಮಿನ ಮೇಲೆ ಯುಸಿಐ ಲೇಬಲ್ ಇದೆಯಲ್ಲ ಅಂತ ಒಬ್ಬ ವಾದಿಸಿದ. 2011ರಿಂದ ಬಂದಿರೋ ಆ ಲೇಬಲ್, ಫ್ರೇಮಿನ ಆಕಾರ ಮತ್ತು ಅಳತೆ ರೇಸಿನ ನಿಯಮಕ್ಕೆ ಸರಿ ಇದೆ ಅನ್ನೋದಕ್ಕೆ. ಗಟ್ಟಿತನದ ಸರ್ಟಿಫಿಕೇಟ್ ಅಲ್ಲ. ಮೇಲಾಗಿ ಕಂಪನಿಯ ಹೆಸರನ್ನೇ ಕಾಪಿ ಮಾಡಿದವನಿಗೆ ಇನ್ನೊಂದು ಲೇಬಲ್ ಏನು ದೊಡ್ಡದು?

ನಮ್ಮ ಪ್ರಕಾರ ನಿಜವಾದ ಗೆರೆ ಬ್ರ್ಯಾಂಡ್ ಮತ್ತು ಚೀಪ್ ನಡುವೆ ಇಲ್ಲ. ಹೆಸರಿಲ್ಲದ ಚೀನಾ ಫ್ರೇಮನ್ನು ತನ್ನದೇ ಹೆಸರಲ್ಲಿ ಮಾರುವವನು 'ಇದು ಇಷ್ಟೇ' ಅಂತ ಹೇಳ್ತಾನೆ. ಟೆಸ್ಟ್ ರಿಪೋರ್ಟ್ ಕೇಳಬಹುದು, ನಾಳೆ ಏನಾದ್ರೂ ಆದರೆ ಬೈಯೋಕೆ ಒಬ್ಬ ಇರ್ತಾನೆ. ಡೂಪ್ಲಿಕೇಟಿಗೆ ಅಂಥ ಒಬ್ಬನೂ ಇಲ್ಲ. ಹೆಸರು ಹಾಕಿಸಿಕೊಂಡ ಕಂಪನಿ ನಮ್ಮದಲ್ಲ ಅನ್ನುತ್ತೆ, ಮಾಡಿದವನು ಯಾರೋ ಗೊತ್ತಿಲ್ಲ, ಮಾರಿದವನು ಫೋನ್ ಎತ್ತಲ್ಲ. ಅದು ಗ್ಯಾರಂಟಿ ಮುರಿಯುತ್ತೆ ಅಂತ ನಾವು ಹೇಳ್ತಿಲ್ಲ. ಮುರಿಯಲ್ಲ ಅಂತ ಹೇಳೋಕೆ ಯಾರೂ ಇಲ್ಲ ಅಂತ ಹೇಳ್ತಿದ್ದೀವಿ.

ಇನ್ನು ಎರಡನೇ ಪ್ರಶ್ನೆ. "ನಾನು ಮೋಸ ಹೋದೆ. 38 ಸಾವಿರ ನಮ್ಮಮ್ಮ ಚೀಟಿ ಎತ್ತಿ ಕೊಟ್ಟಿದ್ದು. ಅದನ್ನ ಯಾರು ಕೊಡ್ತಾರೆ?" ಅಂತ ಗೆಳೆಯ ಕೇಳಿದಾಗ ಯಾರೂ ಮಾತಾಡಲಿಲ್ಲ. ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಅವನು ಮಾರೋದು ಯಾರಿಗೆ? ನಮ್ಮ ಥರದ ಇನ್ನೊಬ್ಬ ಸ್ಟೂಡೆಂಟಿಗೇ. ಆ ಹುಡುಗ ಇದನ್ನು ಯಾವ ಘಾಟಿಯಲ್ಲಿ ಇಳಿಸ್ತಾನೋ ಗೊತ್ತಿಲ್ಲ. ಕಾನೂನೂ ಸುಮ್ಮನಿಲ್ಲ. ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ ಸೆಕ್ಷನ್ 104ರಲ್ಲಿ ಸುಳ್ಳು ಹೆಸರಿನ ಸರಕು ಮಾರಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಅಂತಿದೆ. ಗೊತ್ತಿಲ್ಲದೆ ಮಾರಿದೆ ಅಂತ ಸಾಬೀತು ಮಾಡಿದವರಿಗೆ ಬಚಾವಾಗೋ ದಾರಿ ಇದೆ. ನಮಗೆ ಈಗ ಗೊತ್ತಾಗಿಬಿಟ್ಟಿದೆ.

ಮೊನ್ನೆ ಭಾನುವಾರ ಗೆಳೆಯ ತಾನೇ ಗೇರ್, ಬ್ರೇಕ್, ಚಕ್ರ ಎಲ್ಲ ಬಿಚ್ಚಿದ. ಅವು ಒರಿಜಿನಲ್, ಅಷ್ಟು ದುಡ್ಡು ವಾಪಸ್ ಬರುತ್ತೆ. ಉಳಿದಿದ್ದನ್ನು ನಾವು ನಾಲ್ಕೂ ಜನ ಹಂಚಿಕೊಂಡು ಅವನಿಗೊಂದು ಅಲ್ಯೂಮಿನಿಯಂ ಫ್ರೇಮ್ ಕೊಡಿಸೋದು ಅಂತ ತೀರ್ಮಾನ ಆಗಿದೆ. ಕಾರ್ಬನ್ ಫ್ರೇಮನ್ನು ಲ್ಯಾಬಿನಲ್ಲಿ ಕೊಯ್ದು ನೋಡೋಕೆ ಸರ್ ಹತ್ತಿರ ಪರ್ಮಿಷನ್ ಕೇಳಿದ್ದೀವಿ. ಒಂದು ಫ್ರೇಮ್ ಕೊಯ್ದರೆ ಎಲ್ಲಾ ಡೂಪ್ಲಿಕೇಟುಗಳ ಬಗ್ಗೆ ತೀರ್ಪು ಕೊಟ್ಟ ಹಾಗಾಗಲ್ಲ, ಅದು ನಮಗೂ ಗೊತ್ತು. ಆದರೆ ಹೂಗ್ಯಂನಲ್ಲಿ ಕೇಳಿದ ಪ್ರಶ್ನೆಗೆ ಒಂದು ಉತ್ತರ ಬಾಕಿ ಇದೆ.

ನೀವೂ ಸೆಕೆಂಡ್ ಹ್ಯಾಂಡ್ ಕಾರ್ಬನ್ ನೋಡ್ತಿದ್ದರೆ ದುಡ್ಡು ಕೊಡೋ ಮುಂಚೆ ಬಿಲ್ ಕೇಳಿ, ಸೀರಿಯಲ್ ನಂಬರನ್ನು ಡೀಲರ್ ಹತ್ತಿರ ಚೆಕ್ ಮಾಡಿಸಿ. ನಾವು ಮಾಡಿದ್ದು ಕೊಟ್ಟ ಮೇಲೆ.