ತೆರಿಗೆ ಇಳಿಯುವಷ್ಟರಲ್ಲಿ ಅಲೆಯೇ ಇಳಿದಿತ್ತು

2021ರ ಮೇ ಮೊದಲ ವಾರ ಬೆಂಗಳೂರಿನಲ್ಲಿ ಪಲ್ಸ್ ಆಕ್ಸಿಮೀಟರ್‌ಗಾಗಿ ನಾಲ್ಕು ಮೆಡಿಕಲ್ ಸ್ಟೋರ್ ಅಲೆದಿದ್ದೆ. ಕೊನೆಗೂ ಸಿಕ್ಕಿತು. ಬಿಲ್ಲಿನಲ್ಲಿ ಶೇ 12 ಜಿಎಸ್‌ಟಿ ಇತ್ತು. ಆಗ ಅದನ್ನು ನೋಡುವ ವ್ಯವಧಾನ ಯಾರಿಗಿತ್ತು ಹೇಳಿ?

ಜಿಎಸ್‌ಟಿ ಮಂಡಳಿ ಅದನ್ನು ಶೇ 5ಕ್ಕೆ ಇಳಿಸಿದ್ದು ಜೂನ್ 12ರಂದು. ಮೇ 28ರ ಸಭೆಯಲ್ಲೇ ಮಾಡಬಹುದಿತ್ತು. ಸಚಿವರ ಸಮಿತಿ ರಚಿಸೋಣ ಅಂತ ಎದ್ದರು. ದಿನಕ್ಕೆ 4 ಲಕ್ಷ ದಾಟಿದ್ದ ಹೊಸ ಪ್ರಕರಣಗಳು ಅಷ್ಟರಲ್ಲಿ 1 ಲಕ್ಷಕ್ಕಿಂತ ಕೆಳಗಿಳಿದಿದ್ದವು. ವೈದ್ಯಕೀಯ ಆಮ್ಲಜನಕ, ರೆಮ್‌ಡಿಸಿವಿರ್, ವೆಂಟಿಲೇಟರ್‌ಗೂ ಇದೇ ಕಡಿತ. ಆಂಬುಲೆನ್ಸ್‌ಗೆ 28ರಿಂದ 12. ಹೌದು, ಅಲ್ಲಿಯವರೆಗೆ ಶೇ 28!

ಪೂರ್ತಿ ಮನ್ನಾ ಯಾಕಿಲ್ಲ? ವಿನಾಯಿತಿ ಕೊಟ್ಟರೆ ತಯಾರಕರು ಕಚ್ಚಾವಸ್ತುವಿಗೆ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳೋಕೆ ಆಗಲ್ಲ, ಆ ಹೊರೆ ಬೆಲೆಗೇ ಸೇರುತ್ತೆ ಎಂಬುದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ವಾದ. ಅದರಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ರಫ್ತಿಗೆ ಜಿಎಸ್‌ಟಿಯಲ್ಲೇ ದಾರಿ ಇದೆ: ಮಾರಾಟಕ್ಕೆ ತೆರಿಗೆ ಸೊನ್ನೆ, ಮೊದಲು ಕಟ್ಟಿದ್ದು ವಾಪಸ್. ಕೋವಿಡ್ ಸಾಮಗ್ರಿಗೂ ಕೆಲ ತಿಂಗಳ ಮಟ್ಟಿಗೆ ಅದನ್ನು ವಿಸ್ತರಿಸಲು ಕಾನೂನು ತಿದ್ದುಪಡಿ ಬೇಕಿತ್ತು, ನಿಜ. ಅಂಥ ಹೊತ್ತಿನಲ್ಲಲ್ಲದೆ ಇನ್ಯಾವಾಗ ಸುಗ್ರೀವಾಜ್ಞೆ? ಅಷ್ಟಕ್ಕೂ, ಕಪ್ಪು ಶಿಲೀಂಧ್ರಕ್ಕೆ ಕೊಡುವ ಆಂಫೊಟೆರಿಸಿನ್-ಬಿ ಮೇಲಿನ ತೆರಿಗೆಯನ್ನು ಅದೇ ದಿನ ಪೂರ್ತಿ ತೆಗೆದರಲ್ಲ, ಆಗ ಈ ವಾದ ಎಲ್ಲಿ ಹೋಗಿತ್ತು?

ಲಸಿಕೆಯ ಶೇ 5 ಮಾತ್ರ ಕದಲಲಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಕೋವಿಶೀಲ್ಡ್‌ಗೆ ಗರಿಷ್ಠ 780 ರೂಪಾಯಿ ನಿಗದಿಯಾಯಿತು. ಅದರಲ್ಲಿ 600 ಲಸಿಕೆಯದು, 150 ಆಸ್ಪತ್ರೆಯದು, 30 ರೂಪಾಯಿ ತೆರಿಗೆ.