ದಾರಿ ಸರಿದರೂ ಗಿರಾಕಿ ಸರಿಯಬಾರದು



ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹಿಂದೆ ಓಡಾಡಿದವರಿಗೆ ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ ವಡೆ ತಿಂದು ಕಾಫಿ ಕುಡಿದ ನೆನಪು ಇದ್ದೇ ಇರುತ್ತದೆ. 2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ವಾಹನಗಳು ಮದ್ದೂರು, ಮಂಡ್ಯ ಪಟ್ಟಣಗಳ ಹೊರಗಿನಿಂದಲೇ ಸಾಗತೊಡಗಿದವು. ಹಳೆಯ ರಸ್ತೆಯ ಬದಿಯಲ್ಲಿ ವಡೆ, ಎಳನೀರು ಮಾರಿ ಬದುಕುತ್ತಿದ್ದವರಿಗೆ ಪೆಟ್ಟು ಬಿತ್ತು. ಅವರ ಸರಕು ಕೆಟ್ಟಿರಲಿಲ್ಲ. ದಾರಿ ಬದಲಾಗಿತ್ತು, ಅಷ್ಟೆ. ವರ್ಷಗಟ್ಟಲೆ ಬಂದುಹೋದ ಗಿರಾಕಿಯ ಹೆಸರು, ಫೋನ್ ನಂಬರು ಬರೆದಿಟ್ಟುಕೊಂಡವರು ಎಷ್ಟು ಮಂದಿ?

ಈ ಪ್ರಶ್ನೆಯನ್ನು ನಾವೂ ಕೇಳಿಕೊಳ್ಳಬೇಕು. ಕಾಫಿ ಬೋರ್ಡಿನ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಮುಗಿಯಿತು. ಮಾರುವ ಸ್ವಾತಂತ್ರ್ಯವೇನೋ ಬಂತು. ಆದರೆ ನಮ್ಮ ಕಾಫಿ ಕುಡಿಯುವವರು ಯಾರೆಂಬುದು ನಮ್ಮಲ್ಲಿ ಬಹುಮಂದಿಗೆ ಇಂದಿಗೂ ತಿಳಿಯದು.

2015ರಲ್ಲಿ ಮಂಡ್ಯದಲ್ಲಿ ಮಧುಚಂದನ್ ಮತ್ತು ಅಲ್ಲಿನ ರೈತರು ಕೂಡಿ 'ಆರ್ಗ್ಯಾನಿಕ್ ಮಂಡ್ಯ' ಕಟ್ಟಿದರು. ನಗರದವರನ್ನು ಹೊಲಕ್ಕೆ ಕರೆಸಿ ಶ್ರಮದಾನ ಮಾಡಿಸಿದರು. ಬೆಳೆದವನ ಮುಖ ಕಂಡವನಿಗೆ ಸರಕಿನಲ್ಲಿ ನಂಬಿಕೆ ಹುಟ್ಟುತ್ತದೆ. ಅಡಿಕೆ ತೋಟದವರಿಗೆ ಇನ್ನೂ ಹತ್ತಿರದ ಉದಾಹರಣೆ 'ಬಾಕಾಹು', ಅಂದರೆ ಬಾಳೆಕಾಯಿ ಹುಡಿ. 2021ರಲ್ಲಿ ಅಡಿಕೆ ಪತ್ರಿಕೆಯ ಶ್ರೀ ಪಡ್ರೆಯವರ ಪ್ರೇರಣೆಯಿಂದ ಅದನ್ನು ಮಾಡುವ ಕ್ರಮ ವಾಟ್ಸಾಪ್ ಬಳಗದ ಮೂಲಕ ಹಲವಾರು ಮನೆಗಳಿಗೆ ತಲುಪಿತು. ಫೋನು ಒಂದೇ, ಉಪಯೋಗ ಎರಡು: ಗಿರಾಕಿಯನ್ನು ಉಳಿಸಿಕೊಳ್ಳುವುದು, ಒಬ್ಬರಿಂದೊಬ್ಬರು ಕಲಿಯುವುದು.

ಮಳವಳ್ಳಿ ಕಡೆ ಗಗನಚುಕ್ಕಿಗೆ ಬರುವವರು ಜಲಪಾತದ ಚಿತ್ರ ತೆಗೆದು ಊರಿಗೆಲ್ಲ ಕಳಿಸುತ್ತಾರೆ. ಅಂಥ ದಾರಿಯಲ್ಲಿ ತೋಟವಿರುವವರು ಗೇಟಿನ ಬಳಿ ವಾಟ್ಸಾಪ್ ನಂಬರಿನ ಫಲಕ ಹಾಕಿದರೆ, ಇಂದು ಒಂದು ಪೊಟ್ಟಣ ಕೊಂಡವನು ಮುಂದಿನ ತಿಂಗಳು ಮನೆಯಿಂದಲೇ ಕೇಳಿಯಾನು. ಕಾಫಿಪುಡಿ ಮಾರುವವರು ಹುರಿದ ದಿನ, ತೂಕ, ಬೆಲೆ ತಿಳಿಸಲಿ; ಚಿಕೋರಿ ಬೆರೆಸಿದ್ದರೆ ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸುವುದು ಕಡ್ಡಾಯ. ಆಹಾರ ಸುರಕ್ಷತಾ ನೋಂದಣಿಯನ್ನೂ ಮರೆಯಬಾರದು. ಚೆಂದದ ಚಿತ್ರ ಒಮ್ಮೆ ಮಾರಿಸೀತು. ಎರಡನೆಯ ಸಲ ಮಾರಿಸುವುದು ಸರಕೇ.

ಅಪಾಯಗಳೂ ಇವೆ. 'ನಾಳೆ ಅಡಿಕೆ ಧಾರಣೆ ಕುಸಿಯುತ್ತದೆ' ಎಂದು ಯಾರೋ ಹರಿಬಿಟ್ಟ ಸುದ್ದಿ ನಂಬಿ ಅವಸರದಲ್ಲಿ ಮಾರಿದರೆ ನಷ್ಟ ನಮಗೇ. ಕ್ಯಾಂಪ್ಕೋ ದರವನ್ನೋ 'ಕೃಷಿ ಮಾರಾಟ ವಾಹಿನಿ'ಯ ಧಾರಣೆಯನ್ನೋ ನೋಡದೆ ಮಾರುವುದೂ ಬೇಡ, ಅಂಥ ಸುದ್ದಿಯನ್ನು ಇನ್ನೊಬ್ಬರಿಗೆ ಕಳಿಸುವುದೂ ಬೇಡ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿ ಎನ್ನುವವನು ವಂಚಕ. ಮೋಸವಾದರೆ ತಡಮಾಡದೆ 1930ಕ್ಕೆ ಕರೆಮಾಡಿ. ಮನೆಯ ಹಿರಿಯರಿಗೂ ಇದನ್ನು ತಿಳಿಸಿಕೊಡಿ.

ಎಕರೆ, ಎರಡೆಕರೆಯವರು ಒಬ್ಬೊಬ್ಬರೇ ಇದನ್ನೆಲ್ಲ ನಿಭಾಯಿಸುವುದು ಕಷ್ಟವೆಂದು ನಾವು ಬಲ್ಲೆವು. ಸಹಕಾರ ಇರುವುದು ಇಂಥದಕ್ಕೇ. ಸಂಘದ ಹೆಸರಿನಲ್ಲಿ ಒಂದು ನಂಬರು, ಗಿರಾಕಿಗಳ ಒಂದು ಪಟ್ಟಿ, ದೂರಿಗೆ ಉತ್ತರಿಸಲು ಫೋನು ಬಲ್ಲ ಇಬ್ಬರು ಯುವಕ ಯುವತಿಯರು — ಇಷ್ಟಿದ್ದರೆ ಆರಂಭಕ್ಕೆ ಸಾಕು. ಮುಂದಿನ ಮಹಾಸಭೆಯಲ್ಲಿ ಸದಸ್ಯರು ಈ ವಿಷಯ ಎತ್ತಬೇಕೆಂದು ನಮ್ಮ ಕೋರಿಕೆ. ರಸ್ತೆ ಯಾವಾಗ ಸರಿಯುತ್ತದೆಂದು ಯಾರೂ ನಮ್ಮನ್ನು ಕೇಳಿ ನಿರ್ಧರಿಸುವುದಿಲ್ಲ. ಗಿರಾಕಿಯನ್ನು ಉಳಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.