ಚಿತ್ರಮಂದಿರದಲ್ಲಿ ದರ್ಶನ ಬಾರದು

ಸಾಹಿತ್ಯ ಸಮ್ಮೇಳನಗಳಲ್ಲಿ ಕವಿಯ ಹೊಣೆಯನ್ನು ಕುರಿತು, ಪ್ರಕಾಶಕರ ಹೊಣೆಯನ್ನು ಕುರಿತು, ಸರಕಾರದ ಹೊಣೆಯನ್ನು ಕುರಿತು ಗೋಷ್ಠಿಗಳು ನಡೆಯುತ್ತವೆ, ನಿರ್ಣಯಗಳೂ ಅಂಗೀಕಾರವಾಗುತ್ತವೆ. ನೋಡುಗನ ಹೊಣೆಯನ್ನು ಕುರಿತು ಮಾತನಾಡುವವರು ಮಾತ್ರ ಕಡಮೆ. ಬರೆಯಲು ಅಭ್ಯಾಸ ಬೇಕು, ಹಾಡಲು ಅಭ್ಯಾಸ ಬೇಕು, ಕುಣಿಯಲು ಅಭ್ಯಾಸ ಬೇಕು ಎಂದರೆ ಎಲ್ಲರೂ ತಲೆದೂಗುತ್ತಾರೆ. ನೋಡಲಿಕ್ಕೂ ಅಭ್ಯಾಸ ಬೇಕು ಎಂದರೆ, ಟಿಕೇಟಿಗೆ ಹಣ ಕೊಟ್ಟ ಮೇಲೆ ಇನ್ನೇನು ಅಭ್ಯಾಸ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಾದ ಸಂಗತಿಗಳು ಇತ್ತೀಚೆಗೆ ನಡೆದಿವೆ. ದೈವಗಳ ನೆರಳಿನಲ್ಲಿ ಬಾಳಿದ ಎಣ್ಮಕಜೆಯವರಾದ ನಾವು ಸುಮ್ಮನಿದ್ದರೆ ಆ ಮೌನವೂ ಒಪ್ಪಿಗೆಯೆನಿಸೀತು.

'ಕಾಂತಾರ' ಚಲನಚಿತ್ರವು 2022ರ ಸೆಪ್ಟೆಂಬರ್ 30ರಂದು ತೆರೆಕಂಡಿತು. ಅದರಲ್ಲಿಯ ನಟನೆಗಾಗಿ ರಿಷಬ್ ಶೆಟ್ಟಿಯವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದುದು ಕನ್ನಡಿಗರೆಲ್ಲರ ಹೆಮ್ಮೆ. ಮೂರು ವರ್ಷಗಳ ಬಳಿಕ, ಗಾಂಧಿ ಜಯಂತಿಯೂ ವಿಜಯದಶಮಿಯೂ ಒಂದೇ ದಿನ ಕೂಡಿಬಂದ 2025ರ ಅಕ್ಟೋಬರ್ 2ರಂದು 'ಕಾಂತಾರ: ಚಾಪ್ಟರ್ 1' ಬಿಡುಗಡೆಯಾಯಿತು. ಬಂದುದು ಎರಡನೆಯದಾಗಿ, ಕಥೆ ಮಾತ್ರ ಮೊದಲಿನದರಿಂದ ಬಹಳ ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಗುತ್ತದೆ. ಕಾಡು, ಕಾಡನ್ನು ನಂಬಿದ ಜನ, ಆ ನೆಲದ ಮೇಲೆ ಕಣ್ಣಿಟ್ಟ ಅರಸೊತ್ತಿಗೆ, ಇವುಗಳ ನಡುವೆ ದೈವದ ಅದ್ಭುತ. ಎಣ್ಮಕಜೆಯವರು ದೊಡ್ಡ ಪರದೆಯನ್ನು ನೋಡಬೇಕಾದರೆ ಕಾಸರಗೋಡು, ಪುತ್ತೂರು ಅಥವಾ ಮಂಗಳೂರಿನ ಬಸ್ಸು ಹತ್ತಬೇಕು. ಹತ್ತಿದರು, ನೋಡಿದರು, ಮೆಚ್ಚಿದರು. ಜನ ಶಿಳ್ಳೆ ಹಾಕಿದರು, ಚಪ್ಪಾಳೆ ತಟ್ಟಿದರು, ಕೆಲವರು ಕಣ್ಣೊರೆಸಿಕೊಂಡರು, ಕೆಲವರು ಕತ್ತಲೆಯಲ್ಲಿ ಕೈ ಮುಗಿದರು. ಇವನ್ನು ಆಕ್ಷೇಪಿಸುವಷ್ಟು ನೀರಸರು ನಾವಲ್ಲ. ನಮ್ಮ ಆಕ್ಷೇಪ ಅದರ ಮುಂದಿನ ಹೆಜ್ಜೆಗೆ.

ಚಿತ್ರ ಬರುವ ಮೊದಲೇ ಒಂದು ಭಿತ್ತಿಪತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಈ ಚಿತ್ರವನ್ನು ನೋಡುವವರು ಮದ್ಯ ಮುಟ್ಟಬಾರದು, ಧೂಮಪಾನ ಮಾಡಬಾರದು, ಮಾಂಸ ತಿನ್ನಬಾರದು ಎಂದು ಅದರಲ್ಲಿ ಬರೆದಿತ್ತು. ಅದು ತಮ್ಮದಲ್ಲ, ನಕಲಿ ಎಂದು ರಿಷಬ್ ಶೆಟ್ಟಿಯವರೇ ಹೇಳಬೇಕಾಯಿತು. ಚಿತ್ರ ಬಂದ ಮೇಲೆ ಕೆಲವು ಚಿತ್ರಮಂದಿರಗಳಲ್ಲಿ ನೋಡುಗರು ಎದ್ದು ಮೈ ನಡುಗಿಸಿ, ದೈವದಂತೆ ಕೂಗಿ, ಕುಣಿದರು. ತಮಿಳುನಾಡಿನ ದಿಂಡಿಗಲ್‌ನಲ್ಲಿ ಒಬ್ಬ ಅಭಿಮಾನಿ ದೈವದ ವೇಷವನ್ನೇ ತೊಟ್ಟು ಬಂದನು. ಸುತ್ತಲಿದ್ದವರು ತಡೆಯುವುದಕ್ಕೆ ಬದಲಾಗಿ ಮೊಬೈಲು ಎತ್ತಿ ಹಿಡಿದರು. ಹೀಗೆ ಅನುಕರಿಸಬೇಡಿ, ಇದರಿಂದ ತುಳುವರ ನಂಬಿಕೆಗೆ ನೋವಾಗುತ್ತದೆ ಎಂದು ನಿರ್ಮಾಪಕರಾದ ಹೊಂಬಾಳೆ ಸಂಸ್ಥೆಯವರು ಬಹಿರಂಗ ಮನವಿ ಮಾಡಿಕೊಂಡರು. ಅದೂ ಸಾಲಲಿಲ್ಲ. ನವೆಂಬರ್ 28ರಂದು ಗೋವಾದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಸಮಾರೋಪದಲ್ಲಿ ಹಿಂದಿಯ ನಟ ರಣವೀರ್ ಸಿಂಗ್ ಅವರು ವೇದಿಕೆಯ ಮೇಲೆ ನಿಂತು ಚಿತ್ರವನ್ನು ಹೊಗಳುವ ಭರದಲ್ಲಿ ದೈವವನ್ನು ಹೆಣ್ಣು ದೆವ್ವ ಎಂದು ಕರೆದು, ಅದರ ಮುಖಭಾವವನ್ನು ಅಣಕಿಸಿ ತೋರಿಸಿದರು. ಬಳಿಕ ಕ್ಷಮೆ ಕೇಳಿದರು. ಕ್ಷಮೆ ಕೇಳಿದವರನ್ನು ಮತ್ತೆ ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ದೆವ್ವ ಎಂಬ ಆ ಮಾತು ಹೊಸದಲ್ಲ. ಎ. ಸಿ. ಬರ್ನೆಲ್ ಎಂಬ ಆಂಗ್ಲ ಅಧಿಕಾರಿ ಸಂಗ್ರಹಿಸಿದ ನಮ್ಮ ಪಾಡ್ದನಗಳು ಅವನ ಮರಣಾನಂತರ 1894ರಿಂದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾದಾಗ, ಅವಕ್ಕೆ ಕೊಟ್ಟ ಶೀರ್ಷಿಕೆಯ ಅರ್ಥವೇ 'ತುಳುವರ ದೆವ್ವಪೂಜೆ' ಎಂದು. ನೂರಮೂವತ್ತು ವರ್ಷಗಳ ಬಳಿಕವೂ ಹೊರಗಿನವರ ನಾಲಿಗೆಗೆ ಅದೇ ಪದ ಬರುವುದಾದರೆ, ನೋಡಿದ್ದೇನು, ತಿಳಿದಿದ್ದೇನು?

ದರ್ಶನವೆಂದರೆ ಏನೆಂಬುದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ ಎಂದು ನಂಬಿದ್ದೆವು. ಈಗ ಹೇಳಬೇಕಾದ ಕಾಲ ಬಂದಿದೆ. ಕೋಲಕ್ಕೆ ದಿನ ನಿಶ್ಚಯವಾಗಬೇಕು. ಕಟ್ಟುವವನು ವ್ರತ ಹಿಡಿಯಬೇಕು. ಭಂಡಾರ ಏರಬೇಕು. ಎಣ್ಣೆಬೂಳ್ಯ ಕೊಟ್ಟು ಅವನಿಗೆ ಅಪ್ಪಣೆಯಾಗಬೇಕು. ಅವನು ಅರದಾಳದ ಹಳದಿಯನ್ನು ಮುಖಕ್ಕೆ ಬಳಿದುಕೊಳ್ಳುವಾಗ ಅವನ ಮನೆಯ ಹೆಂಗಸು ತೆಂಬರೆ ಬಡಿಯುತ್ತಾ ಆ ದೈವದ ಹುಟ್ಟನ್ನೂ ಅದು ಸಂಚರಿಸಿದ ಊರುಗಳನ್ನೂ ಹಾಡುತ್ತಾಳೆ. ಗಗ್ಗರ ಕಾಲಿಗೇರುವುದಕ್ಕೂ ಅಣಿ ಬೆನ್ನಿಗೇರುವುದಕ್ಕೂ ಹೊತ್ತಿದೆ, ಕ್ರಮವಿದೆ, ಕೇಳಬೇಕಾದವರ ಒಪ್ಪಿಗೆಯಿದೆ. ದೈವವು ನುಡಿ ಕೊಡುವಾಗ ಮನೆತನಗಳನ್ನು ಅನುಕ್ರಮ ತಪ್ಪದೆ ಕರೆಯುತ್ತದೆ. ಒಬ್ಬರನ್ನು ಬಿಟ್ಟರೂ ಅಂಗಳ ಒಪ್ಪುವುದಿಲ್ಲ. ಬೇಲಿಯ ತಕರಾರು, ಅಣ್ಣತಮ್ಮಂದಿರ ಪಾಲಿನ ತಕರಾರು ಅಲ್ಲಿ ಮುಂದೆ ಬರುತ್ತದೆ. ನುಡಿದ ಮಾತಿಗೆ ದೈವವೂ ಬದ್ಧ, ಕೇಳಿದ ಊರೂ ಬದ್ಧ. ಈ ಬದ್ಧತೆಯೇ ದರ್ಶನದ ಪ್ರಾಣ. ಚಿತ್ರಮಂದಿರದ ಸಾಲಿನಲ್ಲಿ ಎದ್ದು ನಡುಗಿದವನು ಯಾವ ಮಾತಿಗೆ ಬದ್ಧ? ಅವನನ್ನು ಯಾವ ಊರು ಕೇಳಿತು? ಮಧ್ಯಂತರದಲ್ಲಿ ಚಹಾ ಕುಡಿದು ಬಂದು ಮತ್ತೆ ನಡುಗುವ ದೈವ ಯಾವ ಪಾಡ್ದನದಲ್ಲಿಯೂ ಇಲ್ಲ.

ಅಣಕದಿಂದ ದೈವಕ್ಕೆ ಅವಮಾನವಾಯಿತು ಎಂದು ಹಲವರು ಕೂಗಿದರು. ದೈವ ತನ್ನ ಮಾನವನ್ನು ತಾನು ಕಾಯಬಲ್ಲದು. ನಮ್ಮ ಚಿಂತೆ ಮನುಷ್ಯರದು. ದೈವವನ್ನು ಕಟ್ಟುವವರು ನಲಿಕೆಯವರು, ಪಂಬದರು, ಪರವರು, ನಮ್ಮ ಸೀಮೆಯಲ್ಲಿ ಕೋಪಾಳರು. ರಾತ್ರಿ ಅವರ ಮುಂದೆ ಕೈ ಮುಗಿದು ನಿಂತ ಮನೆಯವರೇ ಬೆಳಗಾದ ಮೇಲೆ ಅವರನ್ನು ಅಂಗಳದಾಚೆ ನಿಲ್ಲಿಸಿದ ಕಾಲವಿತ್ತು. ಆ ಕಾಲ ಪೂರ್ತಿಯಾಗಿ ಹೋಗಿದೆ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಕೆಂಡದ ಮುಂದೆ, ಸೂಟೆಯ ಉರಿಯ ಮುಂದೆ, ನಿದ್ದೆಗೆಟ್ಟು, ಹಸಿವು ತಡೆದು, ಭಾರದ ಅಣಿ ಹೊತ್ತು, ಮುಪ್ಪಿಗೆ ಮೊದಲೇ ಮೈ ಸವೆಸಿಕೊಳ್ಳುವ ಬದುಕು ಅವರದು. ಆ ದುಡಿಮೆಯನ್ನು ಎರಡು ನಿಮಿಷದ ಕುಣಿತವಾಗಿ ಮಾಡಿ ಮೊಬೈಲಿಗೆ ಉಣಿಸುವುದಿದೆಯಲ್ಲ, ಅದು ಕಳವು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡರೆ ಸುಡುವುದು ನರಿಯ ಮೈ. ಇಲ್ಲಿ ಬರೆ ಬೀಳುವುದು ಇನ್ನೊಬ್ಬರ ಬೆನ್ನಿಗೆ.

ನಮ್ಮ ಮಾತಿಗೆ ಎದುರುಮಾತುಗಳಿವೆ. ಅವು ಹಗುರವಾದವಲ್ಲ.

ಅದು ಭಕ್ತಿಯ ಉಕ್ಕು, ಮನಸ್ಸು ತಡೆಯದೆ ಆದುದು, ಅಳೆಯಲು ನೀವು ಯಾರು ಎಂದು ಕೇಳುವವರಿದ್ದಾರೆ. ಉಕ್ಕಿದ ಭಕ್ತಿ ಕಣ್ಣೀರಾಗುತ್ತದೆ, ಮೌನವಾಗುತ್ತದೆ. ವೇಷ ಹೊಲಿಸಿಕೊಂಡು ಬರುವುದಿಲ್ಲ. ಹೊಲಿಸಿದ್ದು ಮೊದಲೇ ಯೋಚಿಸಿದ್ದು.

ಪರದೆಯ ಮೇಲೆ ದೈವವನ್ನು ಕುಣಿಸಿದವರೇ ಮೊದಲ ತಪ್ಪಿತಸ್ಥರು, ನೋಡುಗರನ್ನು ಬೈದೇನು ಫಲ ಎನ್ನುವವರೂ ಇದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. ಆವೇಶವನ್ನು ಹತ್ತಿರದಿಂದ, ಎದೆ ನಡುಗಿಸುವ ಸದ್ದಿನೊಂದಿಗೆ, ಕಥೆಯ ತುತ್ತತುದಿಯಲ್ಲಿಟ್ಟು ತೋರಿಸಿದವರು, ಅದು ಎಲ್ಲಿಗೆ ಮುಟ್ಟೀತೆಂದು ಮೊದಲೇ ಯೋಚಿಸಬೇಕಿತ್ತು; ಮನವಿಯನ್ನು ಚಿತ್ರದ ಆರಂಭದಲ್ಲೇ ಹೇಳಬಹುದಿತ್ತು. ಆದರೂ ಚಿತ್ರವನ್ನೇ ಮಾಡಬಾರದಿತ್ತು ಎನ್ನುವವರ ಸಾಲಿಗೆ ನಾವು ಸೇರುವುದಿಲ್ಲ. ಮೊದಲ ಚಿತ್ರ ಬಂದ ತಿಂಗಳೊಳಗೆ, 2022ರ ಅಕ್ಟೋಬರಿನಲ್ಲಿ, ಕರ್ನಾಟಕ ಸರಕಾರವು 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಮೊತ್ತ ಸಣ್ಣದು, ಅದು ಗಡಿಯಾಚೆಯ ಮಾತು, ಕೇರಳಕ್ಕೆ ಸೇರಿದ ನಮ್ಮೂರಿಗೆ ಅನ್ವಯಿಸುವಂಥದ್ದಲ್ಲ. ಆದರೂ ಒಂದು ಚಿತ್ರವನ್ನು ನೋಡಿ ಸಮಾಜಕ್ಕೆ ಮುದುಕನಾದ ಕೋಲದವನ ನೆನಪಾಯಿತೆಂದರೆ ಅದು ಸರಿಯಾದ ಪ್ರತಿಕ್ರಿಯೆ. ಕಲೆಯಿಂದ ಕೇಳಬೇಕಾದ ಫಲ ಇಂತಹದು.

ಯಕ್ಷಗಾನದಲ್ಲಿಯೂ ದೈವಗಳು ರಂಗಕ್ಕೆ ಬರುತ್ತವಲ್ಲ, ಸಿನಿಮಾಕ್ಕೆ ಮಾತ್ರ ಏಕೆ ಈ ಕಟ್ಟಳೆ ಎಂಬ ಪ್ರಶ್ನೆಗೆ ನಮ್ಮೂರಿನ ನೆಲವೇ ಉತ್ತರ ಕೊಡುತ್ತದೆ. ಶೇಣಿ ಎಂಬುದು ಎಣ್ಮಕಜೆ ಪಂಚಾಯತಿನ ಊರು. ಆ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥಗಾರಿಕೆಯ ಮೇರುವಾದರು. ಅವರ ರಾವಣನನ್ನೂ ವಾಲಿಯನ್ನೂ ಕೇಳಲು ಜನ ಗದ್ದೆಯ ಬದುಗಳಲ್ಲಿ ಸೂಟೆ ಹಿಡಿದು ಬಂದರು. ಚಂಡೆಯ ಪೆಟ್ಟಿಗೆ ಅವರ ಎದೆಯೂ ನಡುಗುತ್ತಿತ್ತು. ಆದರೂ ರಾವಣನ ಆರ್ಭಟೆಗೆ ಸಭೆಯಲ್ಲಿದ್ದವನೊಬ್ಬ ತಾನೂ ರಾವಣನೆಂದು ಎದ್ದು ಕುಣಿದುದನ್ನು ನಾವು ಕಂಡಿಲ್ಲ. ಅವರು ಬೆಳಗಿನ ಜಾವ ಮನೆಗೆ ನಡೆಯುತ್ತಾ, ವಾಲಿ ಆಡಿದ್ದು ಸರಿಯೇ, ರಾಮ ಕೊಟ್ಟ ಉತ್ತರ ಸಾಕೇ ಎಂದು ವಾದಿಸಿದರು. ಅಕ್ಷರ ಬಾರದವರೂ ವಾದಿಸಿದರು. ನೋಡುವ ವಿದ್ಯೆ ಎಂದು ನಾವು ಹೇಳುವುದು ಇದನ್ನೇ.

ಶಾಸ್ತ್ರವೂ ಇದನ್ನೇ ಹೇಳಿದೆ. ಅಭಿನವಗುಪ್ತನು ರಸಕ್ಕೆ ಏಳು ವಿಘ್ನಗಳನ್ನು ಎಣಿಸಿದ್ದಾನೆ. ನೋಡುಗನು ತನ್ನ ಸ್ವಂತ ಸುಖದುಃಖಗಳಲ್ಲೇ ಮುಳುಗಿ ಪರವಶನಾಗಿರುವುದು ಅವುಗಳಲ್ಲೊಂದು. ರಂಗದ ಮೇಲಿನದನ್ನು ನೋಡಬೇಕಾದವನು ತನ್ನನ್ನೇ ನೋಡಿಕೊಳ್ಳುತ್ತಾ ಕುಳಿತರೆ ರಸ ಹುಟ್ಟುವುದೆಲ್ಲಿ? ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿ ಕುಳಿತು ಬರೆದ ಆ ಪಂಡಿತನಿಗೆ ಮೊಬೈಲು ಗೊತ್ತಿರಲಿಲ್ಲ; ಮೊಬೈಲು ಹಿಡಿದವನ ಮನಸ್ಸು ಗೊತ್ತಿತ್ತು. ಇಂದಿನ ನೋಡುಗನು ಚಿತ್ರ ನೋಡುತ್ತಿರುವ ತನ್ನ ಮುಖವನ್ನು ಲೋಕಕ್ಕೆ ತೋರಿಸುವ ಅವಸರದಲ್ಲಿ ಚಿತ್ರವನ್ನೇ ಕಳೆದುಕೊಳ್ಳುತ್ತಾನೆ. ಅವನ ನಡುಕ ಪರದೆಗಾಗಿ ಅಲ್ಲ, ಪಕ್ಕದವನ ಕ್ಯಾಮರಾಕ್ಕಾಗಿ.

ಇನ್ನು ನಮ್ಮ ಮುಖ್ಯ ಪ್ರಶ್ನೆ. ಪರದೆಯ ಮೇಲೆ ಕಾಡು ಕೈತಪ್ಪುವಾಗ ಹಲ್ಲು ಕಚ್ಚಿದಿರಿ, ನೆಲಕ್ಕಾಗಿ ದೈವ ಎದ್ದು ನಿಂತಾಗ ಚಪ್ಪಾಳೆ ತಟ್ಟಿದಿರಿ, ಸಂತೋಷ. ಈ ಎಣ್ಮಕಜೆಯ ಗುಡ್ಡಗಳ ಮೇಲೆ, ಗೇರು ತೋಟಗಳ ಮೇಲೆ, 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕೆಳಗೆ ತೋಡುಗಳಿದ್ದವು, ಸುರಂಗಗಳಿದ್ದವು, ಬಾವಿಗಳಿದ್ದವು, ಬಸುರಿಯರಿದ್ದರು. ಪಡ್ರೆಯ, ಸ್ವರ್ಗದ ಮನೆಗಳಲ್ಲಿ ಎದ್ದು ನಿಲ್ಲಲಾರದ ಮಕ್ಕಳು ಬೆಳೆದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಈ ಕಥೆಗೆ ಹಿನ್ನೆಲೆ ಸಂಗೀತವಿಲ್ಲ. ಇಲ್ಲಿ ತಾಯಂದಿರೇ ಮಕ್ಕಳನ್ನು ಸೊಂಟದಲ್ಲಿ ಹೊತ್ತು ಧರಣಿ ಕುಳಿತರು. ಕಾಡಿಗಾಗಿ ಚಿತ್ರಮಂದಿರದಲ್ಲಿ ನಡುಗಿದ ಮೈ ಈ ಮಕ್ಕಳ ಹಾಸಿಗೆಯ ಪಕ್ಕ ಒಂದು ಗಳಿಗೆ ಕುಳಿತಿದೆಯೇ? ಕುಳಿತಿದ್ದರೆ ಆ ನಡುಕವನ್ನು ನಾವು ನಂಬುತ್ತೇವೆ. ಏನನ್ನೂ ಕಳೆದುಕೊಳ್ಳದೆ, ಏನನ್ನೂ ಕೊಡದೆ, ಆಸನದಿಂದ ಎದ್ದು ಆಸನಕ್ಕೇ ಮರಳುವ ಆವೇಶಕ್ಕೆ ಭಕ್ತಿಯೆಂಬ ಹೆಸರು ಸಲ್ಲದು.

ಆಕ್ಷೇಪಿಸುವುದು ಸುಲಭ, ಮಾಡಬೇಕಾದುದನ್ನು ಹೇಳದೆ ಮುಗಿಸುವುದು ಮಾಸ್ತರಿಕೆಗೆ ಒಪ್ಪುವ ಕೆಲಸವಲ್ಲ. ದೈವದ ವೇಷ ತೊಟ್ಟು ಬಂದವರನ್ನು ಚಿತ್ರಮಂದಿರದವರು ಬಾಗಿಲಲ್ಲೇ ನಯವಾಗಿ ತಡೆಯಲಿ. ನಮ್ಮ ಸ್ಥಾನಗಳಲ್ಲಿ, ತರವಾಡುಗಳಲ್ಲಿ, ಕೋಲದ ಅಂಗಳಕ್ಕೆ ಮೊಬೈಲು ಬಾರದಂತೆ ಹಿರಿಯರು ಕಟ್ಟುನಿಟ್ಟು ಮಾಡಲಿ; ಮನೆಯೊಳಗೆ ತಡೆಯದವರಿಗೆ ದಿಂಡಿಗಲ್‌ನವನನ್ನು ದೂರುವ ಅಧಿಕಾರವಿಲ್ಲ. ಅವನು ತಿಳಿಯದೆ ಮಾಡಿದನು, ತಿಳಿಸಬೇಕಾದವರು ನಾವಾಗಿದ್ದೆವು. ಡಾ. ಕೆ. ಚಿನ್ನಪ್ಪ ಗೌಡರ 'ಭೂತಾರಾಧನೆ'ಯಂತಹ ಅಧ್ಯಯನ ಕನ್ನಡದಲ್ಲಿದೆ. ನಮ್ಮ ಶಾಲೆಗಳ ಕಪಾಟಿನಲ್ಲಿ ಅದು ಇರಲಿ, ಕಪಾಟಿನ ಬೀಗ ತೆರೆದಿರಲಿ. ಕನ್ನಡ ಅಧ್ಯಾಪಕರು ಮಕ್ಕಳಿಂದ ಚಿತ್ರದ ಕುರಿತು ಪ್ರಬಂಧ ಬರೆಯಿಸಲಿ. ಯಾರು ಗೆದ್ದರು ಎಂದಲ್ಲ, ಯಾರ ನೆಲ, ಯಾರ ದುಡಿಮೆ, ಯಾರ ಮಾತು ಎಂದು ಕೇಳಲಿ. ಪಾಡ್ದನ ಬಲ್ಲ ಅಜ್ಜಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರು ತುಳುವಿನಲ್ಲಿ ಹಾಡಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದಿಡುವುದು ಈ ಸಂಘದ ಕೆಲಸವಾಗಲಿ. ಮುಂದಿನ ಸಮ್ಮೇಳನದಲ್ಲಿ ಕೋಲ ಕಟ್ಟುವ ಹಿರಿಯರೊಬ್ಬರನ್ನು ಕುಣಿಯಲಿಕ್ಕೆ ಕರೆಯದೆ, ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕುಳಿತು ಮಾತನಾಡಲಿಕ್ಕೆ ಕರೆಯೋಣ.

ಚಿತ್ರಗಳು ಇನ್ನೂ ಬರುತ್ತವೆ. ಬರಲಿ, ನೋಡೋಣ, ಮೆಚ್ಚುವುದನ್ನು ಮೆಚ್ಚೋಣ. ದೀಪ ಹತ್ತಿದ ಮೇಲೆ ಮನುಷ್ಯರಾಗಿ ಎದ್ದು ಹೊರಗೆ ಬರೋಣ. ದೈವ ಬರಬೇಕಾದ ಅಂಗಳ ಬೇರೆ ಇದೆ. ಅಲ್ಲಿ ಅದು ನಮ್ಮ ಮನೆತನದ ಹೆಸರು ಹಿಡಿದು ಕರೆಯುವಾಗ ಓಗೊಡಲು ನಾವು ಇರಬೇಕು.